ಒಂದೇ ಕೆಚ್ಚಲಿನ ಹಾಲು, ಎರಡು ಫ್ಯಾಟು: ಒಂದು ಹಳ್ಳಿ ಡೇರಿಯ ಪ್ರಕರಣ ಅಧ್ಯಯನ

ಇದು ಹಳೇ ಮೈಸೂರು ಸೀಮೆಯ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ನಡೆದ ಸಂಗತಿ. ಊರಿನ ಹೆಸರು, ಜನರ ಹೆಸರು, ಹಾಲು ಪರೀಕ್ಷೆಯ ಮಿಷನ್ ಮಾಡಿದ ಕಂಪನಿಯ ಹೆಸರು ಯಾವುದನ್ನೂ ಬರೆಯುವುದಿಲ್ಲ. ಗುರುತು ಸಿಗದಿರಲಿ ಅಂತ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು, ಆ ಡೇರಿ ನಡೆಸುವ ಸಂಘದ ಸದಸ್ಯ. ಮನೆಯಲ್ಲಿ ಎರಡು ಹಸು ಇವೆ. ಇದನ್ನೆಲ್ಲ ಹಾಲು ಹಾಕುವ ಸಾಲಿನಲ್ಲಿ ನಿಂತೇ ನೋಡಿದ್ದೇನೆ. ಊರಿಗೆ ಹೊಸ ಮಿಷನ್ನು ತರಲು ಹೊರಟವರಿಗೆ, ತಂದು ಕೈಸುಟ್ಟುಕೊಂಡವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹೇಗಿತ್ತು

ನಮ್ಮ ಡೇರಿಗೆ ಸುಮಾರು 160 ಮನೆಯವರು ಹಾಲು ಹಾಕುತ್ತಾರೆ. ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಮತ್ತೆ ಅಷ್ಟೇ ಹೊತ್ತು. ಸಾಲಿನಲ್ಲಿ ನಿಲ್ಲುವವರಲ್ಲಿ ಹೆಂಗಸರೇ ಜಾಸ್ತಿ. ರಾಗಿ ಮನೆ ಊಟಕ್ಕೆ ಆಗುತ್ತದೆ, ತೆಂಗಿನ ದುಡ್ಡು ಸಾಲಕ್ಕೆ ಹೋಗುತ್ತದೆ. ಕೈಗೆ ಸಿಗುವ ಕಾಸು ಅಂದರೆ ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆ. ಮಕ್ಕಳ ಫೀಸು, ಗ್ಯಾಸು, ಬಿಪಿ ಮಾತ್ರೆ ಎಲ್ಲ ಅದರಲ್ಲೇ ಆಗಬೇಕು.

ಹಾಲು ಒಳ್ಳೇದೋ ಕೆಟ್ಟದ್ದೋ ಅಂತ ನೋಡಲು ಆಗ ಬಳಸುತ್ತಿದ್ದದ್ದು ಲ್ಯಾಕ್ಟೋಮೀಟರ್ ಒಂದೇ. ಗಾಜಿನ ಕಡ್ಡಿ ಹಾಲಿನಲ್ಲಿ ಎಷ್ಟು ಮುಳುಗುತ್ತದೆ ಅಂತ ನೋಡಿ ಸೆಕ್ರೆಟರಿ ‘ಡಿಗ್ರಿ ಸರಿ ಇದೆ’ ಅನ್ನುತ್ತಿದ್ದರು, ಇಲ್ಲವೇ ‘ನೀರು ಜಾಸ್ತಿ’ ಅನ್ನುತ್ತಿದ್ದರು. ಇದರಲ್ಲಿ ಒಂದು ತೂತು ಇದೆ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸಿದವನ ಹಾಲು ಆ ಕಡ್ಡಿಯ ಕಣ್ಣಿಗೆ ಒಳ್ಳೇ ಹಾಲೇ! ದರವೂ ಎಲ್ಲರಿಗೂ ಒಂದೇ. ಹಸುವಿಗೆ ಹಿಂಡಿ, ಬೂಸ ಹಾಕಿ ಸಾಕಿದವರಿಗೂ ಅಷ್ಟೇ, ಮೋಸ ಮಾಡಿದವರಿಗೂ ಅಷ್ಟೇ.

ಹಾಗಾಗಿ ಹಾಲು ಪರೀಕ್ಷೆಯ ಮಿಷನ್ನು ತರುವ ಮಾತು ಸರ್ವಸದಸ್ಯರ ಸಭೆಗೆ ಬಂದಾಗ ಎಲ್ಲರಿಗಿಂತ ಜೋರಾಗಿ ಬೇಕು ಅಂದವನು ನಾನೇ. ಎಲೆಕ್ಟ್ರಾನಿಕ್ ತಕ್ಕಡಿ, ಪಕ್ಕದಲ್ಲಿ ಫ್ಯಾಟು (ಹಾಲಿನ ಕೊಬ್ಬು) ಅಳೆಯುವ ಡಬ್ಬಿ, ಅದಕ್ಕೆ ಜೋಡಿಸಿದ ಕಂಪ್ಯೂಟರು, ಚೀಟಿ ಪ್ರಿಂಟರು. ಹಾಲು ಹಾಕಿದ ಕೂಡಲೇ ಎಷ್ಟು ಲೀಟರ್, ಎಷ್ಟು ಫ್ಯಾಟು, ಎಷ್ಟು ಎಸ್‌ಎನ್‌ಎಫ್, ಎಷ್ಟು ರೂಪಾಯಿ ಎಲ್ಲ ಚೀಟಿಯಲ್ಲಿ ಬರುತ್ತದೆ. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ: ಪ್ರೋಟೀನು, ಹಾಲಿನ ಸಕ್ಕರೆ, ಖನಿಜ. ಇನ್ನು ಮುಂದೆ ಯಾರ ಬಾಯಿಮಾತಿನ ಮೇಲೂ ದರ ನಿಲ್ಲುವುದಿಲ್ಲ ಅಂತ ಆ ಸಭೆಯಲ್ಲಿ ಹೇಳಿದ್ದೆ.

ಮುನಿಸು

ಮೊದಲ ಎರಡು ಬಟವಾಡೆ ಚೆನ್ನಾಗಿಯೇ ಆಯಿತು. ಮೂರನೇ ತಿಂಗಳಿನ ಹೊತ್ತಿಗೆ ಫ್ಯಾಟು ಇಳಿಯಲು ಶುರುವಾಯಿತು. ಒಬ್ಬರಿಬ್ಬರದ್ದಲ್ಲ, ಹೆಚ್ಚುಕಡಿಮೆ ಎಲ್ಲರದ್ದೂ. ನೂರಕ್ಕೆ 4.2 ಬರುತ್ತಿದ್ದವರಿಗೆ 3.8, 3.7 ಬರುತ್ತಿದ್ದವರಿಗೆ 3.3. ಸಾಲದ್ದಕ್ಕೆ ಒಂದೇ ಮನೆಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಸಂಜೆ ಹಾಲಿಗೆ ಸ್ವಲ್ಪ ಫ್ಯಾಟು ಜಾಸ್ತಿ ಇರುವುದು ಸಹಜ. ಬೆಳಿಗ್ಗೆ ಕರೆದು ಸಂಜೆ ಕರೆಯುವುದರ ನಡುವಿನ ಹೊತ್ತು ಕಡಿಮೆ, ಹಾಲೂ ಕಡಿಮೆ, ಅದಕ್ಕೆ ಗಟ್ಟಿ. ಆದರೆ ಇಲ್ಲಿ ಏರಿಳಿತಕ್ಕೆ ಒಂದು ಲೆಕ್ಕವೇ ಇರಲಿಲ್ಲ.

ಸಾಲಿನಲ್ಲಿ ಮಾತು ಹುಟ್ಟಿತು. ‘ಮಿಷನ್ನು ಸೆಕ್ರೆಟರಿ ಹೇಳಿದಂಗೆ ಕೇಳ್ತದೆ’ ಅಂದರು. ‘ಬೋರ್ಡಿನವರ ಮನೆ ಹಾಲಿಗೆ ಮಾತ್ರ ಫ್ಯಾಟು ಇಳಿಯಲ್ಲ’ ಅಂದರು. ಅದು ನಿಜವಲ್ಲ, ಆದರೆ ನಿಜವಲ್ಲ ಅಂತ ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಖಾಸಗಿ ಹಾಲಿನ ಗಾಡಿಯೊಂದು ಊರ ಬಾಗಿಲಿಗೆ ಬರಲು ಶುರುವಾಗಿತ್ತು. ಸುಮಾರು 30 ಮನೆಯವರು ಅಲ್ಲಿಗೆ ಹಾಲು ಹಾಕತೊಡಗಿದರು.

ಸಂಘದ ಆಡಳಿತ ಬೋರ್ಡಿನಲ್ಲಿ ಎರಡು ಗುಂಪಾಯಿತು. ಹಿರಿಯರು ‘ಹಳೇ ಕಡ್ಡಿಯೇ ಸಾಕು, ಇದನ್ನು ಕಟ್ಟಿಡಿ’ ಅಂದರು. ಹುಡುಗರು ‘ಮಿಷನ್ನು ಸುಳ್ಳು ಹೇಳಲ್ಲ, ಜನ ನೀರು ಹಾಕೋದು ಜಾಸ್ತಿ ಮಾಡಿದ್ದಾರೆ’ ಅಂದರು. ಎರಡೂ ತಪ್ಪು ಅಂತ ಈಗ ಗೊತ್ತಿದೆ. ಆಗ ನಾನು ಹುಡುಗರ ಪಕ್ಷ.

ಮೊದಲು ಮಾಡಿದ ಎರಡು ಪ್ರಯತ್ನ

ಜನರಿಗೆ ಅರ್ಥವಾಗಿಲ್ಲ, ಅರ್ಥ ಮಾಡಿಸಿದರೆ ಸರಿಹೋಗುತ್ತದೆ ಅಂದುಕೊಂಡೆ. ಒಂದು ಸಂಜೆ ಡೇರಿ ಮುಂದೆ ಕರಿಹಲಗೆ ನಿಲ್ಲಿಸಿ ಪಾಠ ಮಾಡಿದೆ. ಈ ಡಬ್ಬಿ ಹಾಲಿನೊಳಗೆ ಶಬ್ದದ ಅಲೆ ಕಳಿಸುತ್ತದೆ. ನಮ್ಮ ಕಿವಿಗೆ ಕೇಳದಷ್ಟು ಹೆಚ್ಚು ಕಂಪನದ ಶಬ್ದ. ಕೊಬ್ಬಿನಲ್ಲಿ ಅದು ಹೋಗುವ ವೇಗ ಬೇರೆ, ಉಳಿದ ಗಟ್ಟಿ ಅಂಶದಲ್ಲಿ ಬೇರೆ. ಎರಡು ಬೇರೆ ಬೇರೆ ಬಿಸಿಯಲ್ಲಿ ಆ ವೇಗ ಅಳೆದು ಫ್ಯಾಟು ಎಷ್ಟು ಅಂತ ಲೆಕ್ಕ ಹಾಕುತ್ತದೆ. ಎಲ್ಲ ಸರಿಯಾಗಿಯೇ ಹೇಳಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಮಾರನೆ ದಿನ ಇನ್ನೂ ನಾಲ್ಕು ಮನೆ ಖಾಸಗಿ ಗಾಡಿಗೆ ಹೋದವು. ಅವರು ಕೇಳುತ್ತಿದ್ದದ್ದು ಮಿಷನ್ನು ಹೇಗೆ ಕೆಲಸ ಮಾಡುತ್ತದೆ ಅಂತ ಅಲ್ಲ, ‘ನನ್ನ ಹಾಲಿಗೆ ಯಾಕೆ ಹೀಗೆ’ ಅಂತ. ಆ ಪ್ರಶ್ನೆಗೆ ನಾನು ಕಿವಿಯನ್ನೇ ಕೊಟ್ಟಿರಲಿಲ್ಲ. ಈಗಲೂ ಅದು ನನಗೆ ನೋವಿನ ವಿಷಯ.

ಎರಡನೇ ಪ್ರಯತ್ನ ಮಿಷನ್ ಮಾರಿದವರನ್ನು ಕರೆಸಿದ್ದು. ಬಂದ ಹುಡುಗ ಅವಸರದಲ್ಲಿದ್ದ. ಏನೋ ಪಾಸ್‌ವರ್ಡ್ ಒತ್ತಿ ಒಳಗಿನ ಮೆನು ತೆಗೆದು ಎಲ್ಲರ ಫ್ಯಾಟಿಗೂ 0.3 ಕೂಡುವಂತೆ ಮಾಡಿಟ್ಟ. ಹತ್ತು ನಿಮಿಷದ ಕೆಲಸ. ಅವತ್ತು ಸಂಜೆಯಿಂದಲೇ ಚೀಟಿಗಳಲ್ಲಿ ಫ್ಯಾಟು ಏರಿತು, ಊರು ತಣ್ಣಗಾಯಿತು. ನಾವೂ ನಿಟ್ಟುಸಿರು ಬಿಟ್ಟೆವು.

ಆದರೆ ನಮ್ಮ ಹಾಲು ಕೊಳ್ಳುವ ಒಕ್ಕೂಟ ಸಂಘಕ್ಕೆ ದುಡ್ಡು ಕೊಡುವುದು ನಮ್ಮ ಚೀಟಿ ನೋಡಿ ಅಲ್ಲ, ಅವರದ್ದೇ ಪರೀಕ್ಷೆ ನೋಡಿ. ಮುಂದಿನ ಬಟವಾಡೆಗೆ ಲೆಕ್ಕ ಹಾಕಿದಾಗ ಸಂಘ ಸದಸ್ಯರಿಗೆ ಕೊಡಬೇಕಾದ ದುಡ್ಡು, ಸಂಘಕ್ಕೆ ಬಂದ ದುಡ್ಡಿಗಿಂತ ಜಾಸ್ತಿ ಆಗಿತ್ತು. ಸೆಕ್ರೆಟರಿ ಲೆಡ್ಜರನ್ನು ನನ್ನ ಮುಂದೆ ಇಟ್ಟು ಸುಮ್ಮನೆ ಕೂತರು. ಅವರ ಕೈ ನಡುಗುತ್ತಿತ್ತು. ಅಂಕಿಯನ್ನು ಜನಕ್ಕೆ ಹಿತವಾಗುವಂತೆ ತಿದ್ದಿದರೆ ನಷ್ಟ ಇನ್ನೊಂದು ಕಡೆ ತಲೆ ಎತ್ತುತ್ತದೆ, ಅದೂ ಎಲ್ಲರಿಗೂ ಸೇರಿದ ಹುಂಡಿಯಲ್ಲಿ. ಕೂಡಿಸಿದ್ದ 0.3 ತೆಗೆಸಿದೆವು. ಮತ್ತೆ ಅದೇ ಗಲಾಟೆ.

ಎರಡು ಪಾತ್ರೆ

ತಿರುವು ಬಂದದ್ದು ನಮ್ಮ ಯಾರ ಬುದ್ಧಿಯಿಂದಲೂ ಅಲ್ಲ. ಮೂಡಲ ಬೀದಿಯ ಒಬ್ಬ ಹೆಣ್ಣುಮಗಳಿಂದ. ಏಳನೇ ತರಗತಿಗೆ ಶಾಲೆ ಬಿಟ್ಟವರು, ಜೆರ್ಸಿ ತಳಿಯ ಒಂದೇ ಹಸು, ದಿನಕ್ಕೆ ಹತ್ತು ಲೀಟರಿನ ಆಸುಪಾಸು. ಒಂದು ಬೆಳಿಗ್ಗೆ ಎರಡು ಚೀಟಿ ಹಿಡಿದು ಮನೆಗೆ ಬಂದರು. ಒಂದರಲ್ಲಿ 3.7, ಇನ್ನೊಂದರಲ್ಲಿ 4.4.

‘ಮೇಷ್ಟ್ರೇ, ಎರಡೂ ಒಂದೇ ಕೆಚ್ಚಲಿಂದು. ಕರೆದ ಹಾಲು ಎರಡು ಪಾತ್ರೆಗೆ ಹುಯ್ದೆ. ಒಂದು ನನ್ ಹೆಸರಲ್ಲಿ ಹಾಕ್ದೆ, ಇನ್ನೊಂದು ನಮ್ ವಾರಗಿತ್ತಿ ಹೆಸರಲ್ಲಿ. ನಿಮ್ ಶಬ್ದದ ಅಲೆ ಯಾವ್ದುನ್ನ ನಂಬ್ತದೆ?’

ಸೆಕ್ರೆಟರಿ ವಾರಗಿತ್ತಿಯ ಕಡೆ ಇದ್ದಾರೇನೋ ಅಂತ ಅವರಿಗೆ ಮೊದಲು ಅನುಮಾನ ಬಂದಿತ್ತಂತೆ. ಅದಕ್ಕೆ ಹಿಂದಿನ ದಿನವೇ ಹೆಸರು ಅದಲುಬದಲು ಮಾಡಿ ನೋಡಿದ್ದರು. ಆವತ್ತು ಇವರ ಹೆಸರಿಗೆ ಜಾಸ್ತಿ, ವಾರಗಿತ್ತಿ ಹೆಸರಿಗೆ ಕಡಿಮೆ. ‘ಸೆಕ್ರೆಟ್ರಿ ಮೋಸ ಅಲ್ಲ ಮೇಷ್ಟ್ರೇ. ಮುಂಚೆ ಹಾಕಿದ್ದಕ್ಕೆ ಕಮ್ಮಿ, ಮುಕ್ಕಾಲು ಗಂಟೆ ಬಿಟ್ಟು ಹಾಕಿದ್ದಕ್ಕೆ ಜಾಸ್ತಿ. ಎರಡು ದಿನವೂ ಹಂಗೇ.’

ಮೂವತ್ತು ವರ್ಷ ಮಕ್ಕಳಿಗೆ ಪ್ರಯೋಗ ಹೇಳಿಕೊಟ್ಟವನು ನಾನು. ಇಷ್ಟು ಸ್ವಚ್ಛವಾದ ಪ್ರಯೋಗ ನೋಡಿದ್ದು ಕಡಿಮೆ. ಮೋಸದ ಅನುಮಾನವನ್ನು ಆಕೆ ತಾವೇ ಹುಟ್ಟಿಸಿಕೊಂಡು, ತಾವೇ ಪರೀಕ್ಷಿಸಿ, ತಾವೇ ಕೈಬಿಟ್ಟಿದ್ದರು.

ಹಳೇ ಗಾಜಿನ ಕಡ್ಡಿಯ ಕಾಲದಲ್ಲಿ ಇದು ಆಗುತ್ತಿರಲಿಲ್ಲ. ‘ಡಿಗ್ರಿ ಸರಿ ಇಲ್ಲ’ ಅನ್ನುವ ಬಾಯಿಮಾತನ್ನು ಹಿಡಿದುಕೊಂಡು ಯಾರ ಮನೆಗೂ ಹೋಗಲು ಬರುವುದಿಲ್ಲ. ಚೀಟಿಯಲ್ಲಿ ಅಂಕಿ ಇದ್ದದ್ದರಿಂದಲೇ ಆಕೆಗೆ ಅಂಕಿಯ ತಪ್ಪು ಹಿಡಿಯಲು ಆಯಿತು. ಇಷ್ಟೆಲ್ಲ ಆದ ಮೇಲೂ ಮಿಷನ್ನಿನ ಮೇಲೆ ನಂಬಿಕೆ ಇದೆಯಾ ಅಂತ ಆಮೇಲೆ ಬಹಳ ಜನ ನನ್ನನ್ನು ಕೇಳಿದ್ದಾರೆ. ಇದೆ, ಮೊದಲಿಗಿಂತ ಜಾಸ್ತಿ ಇದೆ. ಅದು ಗಟ್ಟಿಯಾದದ್ದು ಆ ಎರಡು ಚೀಟಿ ನೋಡಿದ ಬೆಳಿಗ್ಗೆ.

ಮಾರನೆ ದಿನ ಐದೂಮುಕ್ಕಾಲಿಗೇ ಹೋಗಿ ಕೌಂಟರ್ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಏನೂ ಮಾತಾಡಲಿಲ್ಲ, ನೋಡಿದೆ ಅಷ್ಟೆ. ಪರೀಕ್ಷೆ ಮಾಡುವ ಹುಡುಗಿ ಪಾತ್ರೆಯ ಮೇಲುಗಡೆಯಿಂದ ಸಣ್ಣ ಕಪ್ಪಿನಲ್ಲಿ ಹಾಲು ತೆಗೆಯುತ್ತಿದ್ದಳು. ಕಲಕುತ್ತಿರಲಿಲ್ಲ. ಹಾಲು ನಿಂತರೆ ಕೆನೆ ಮೇಲೆ ಬರುತ್ತದೆ, ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಮುಕ್ಕಾಲು ಗಂಟೆ ನಿಂತ ಪಾತ್ರೆಯ ಮೇಲ್ಭಾಗದ ಹಾಲಿಗೆ ಫ್ಯಾಟು ಜಾಸ್ತಿ. ಡೇರಿ ಪಕ್ಕದ ಮನೆಯವರು ಆಗ ತಾನೆ ಕರೆದು ನೊರೆ ಸಮೇತ ತರುತ್ತಿದ್ದರು. ಶಬ್ದದಿಂದ ಅಳೆಯುವ ಮಿಷನ್ನಿಗೆ ಗಾಳಿಗುಳ್ಳೆ ಅಂದರೆ ಆಗುವುದಿಲ್ಲ, ಲೆಕ್ಕ ಎರ್ರಾಬಿರ್ರಿ ಆಗುತ್ತದೆ.

ಎಲ್ಲರ ಫ್ಯಾಟೂ ಮೆಲ್ಲಗೆ ಇಳಿದದ್ದಕ್ಕೆ ಕಾರಣ ಬೀರುವಿನ ಮೇಲೆ ಸಿಕ್ಕಿತು. ಮಿಷನ್ನಿನ ಜೊತೆ ಬಂದ ಎರಡು ಬಾಟಲಿ ತೊಳೆಯುವ ದ್ರಾವಣ, ಸೀಲೂ ಒಡೆದಿರಲಿಲ್ಲ, ಮೇಲೆ ಧೂಳು. ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇಂಗ್ಲಿಷ್ ಪುಸ್ತಕ. ಹುಡುಗಿ ದಿನಾ ಎರಡು ಹೊತ್ತೂ ಬಿಸಿನೀರಿನಲ್ಲಿ ಮಿಷನ್ನು ತೊಳೆಯುತ್ತಿದ್ದಳು, ಬಹಳ ಶ್ರದ್ಧೆಯಿಂದ. ಆದರೆ ಹಾಲಿನ ಜಿಡ್ಡು ಮತ್ತು ಸುಣ್ಣದಂಥ ಪದರ ಬರೀ ನೀರಿಗೆ ಹೋಗುವುದಿಲ್ಲ. ಅದಕ್ಕೆ ಅಂತಲೇ ಕ್ಷಾರದ ದ್ರಾವಣ ಒಂದು, ಆಮ್ಲದ ದ್ರಾವಣ ಒಂದು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪು ಅವಳದ್ದಲ್ಲ. ಮಿಷನ್ನಿಗೆ ದುಡ್ಡು ಮಂಜೂರು ಮಾಡಿ, ಅದನ್ನು ಓಡಿಸುವವಳಿಗೆ ಕಲಿಸಲು ಅರ್ಧ ದಿನವನ್ನೂ ಮಂಜೂರು ಮಾಡದ ನಮ್ಮೆಲ್ಲರದ್ದು.

ಭಾನುವಾರದ ಪರೀಕ್ಷೆ

ದ್ರಾವಣ ಹಾಕಿ ತೊಳೆದೆವು. ಹಾಲನ್ನು ಸೌಟಿನಿಂದ ಕಲಕಿ, ನೊರೆ ಇಳಿದ ಮೇಲೆ ಸ್ಯಾಂಪಲ್ ತೆಗೆಯುವ ಪದ್ಧತಿ ಹಾಕಿದೆವು. ಅಂಕಿ ಸ್ಥಿರವಾಯಿತು. ಆದರೆ ಸ್ಥಿರವಾದ ಅಂಕಿ ಸರಿಯಾದ ಅಂಕಿಯೇ ಆಗಬೇಕು ಅಂತಿಲ್ಲವಲ್ಲ? ‘ಈಗ ಸರಿಹೋಗಿದೆ, ನಂಬಿ’ ಅಂತ ಇನ್ನೊಂದು ಸಲ ಹೇಳುವ ಮುಖ ನನಗಿರಲಿಲ್ಲ. ಎಲ್ಲರ ಕಣ್ಣೆದುರೇ, ವಿದ್ಯುತ್ತಿನ ಮಿಷನ್ನೇ ಇಲ್ಲದೆ ಫ್ಯಾಟು ಅಳೆಯಬೇಕು ಅಂತ ತೀರ್ಮಾನವಾಯಿತು.

ಸಂಘದ ಸ್ಟೋರಿನಲ್ಲಿ ಆಮ್ಲ ಹಾಕಿ ಫ್ಯಾಟು ಅಳೆಯಲು ಕೈಯಿಂದ ತಿರುಗಿಸುವ ಹಳೇ ಗರ್ಬರ್ ಯಂತ್ರ ಗೋಣಿಚೀಲದಡಿ ಬಿದ್ದಿತ್ತು. ಒಂದು ಭಾನುವಾರ ಬೆಳಿಗ್ಗೆ ಡೇರಿ ಅಂಗಳದಲ್ಲಿ ಟೇಬಲ್ ಹಾಕಿದೆವು. ಎಂಟು ಮನೆಯ ಹಾಲು, ಬಾಟಲಿಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಮಕ್ಕಳನ್ನು ದೂರ ಕಳಿಸಿ, ಕನ್ನಡಕ, ಕೈಗವಸು ಹಾಕಿಕೊಂಡು ಶುರುಮಾಡಿದೆ. ಉದ್ದ ಕತ್ತಿನ ಗಾಜಿನ ನಳಿಕೆಗೆ 10 ಎಂಎಲ್ ಗಂಧಕಾಮ್ಲ. ಅದರ ಮೇಲೆ 10.75 ಎಂಎಲ್ ಹಾಲು, ಗಾಜಿನ ಗೋಡೆಗೆ ತಾಗಿಸಿ ಮೆಲ್ಲಗೆ. ಆಮೇಲೆ 1 ಎಂಎಲ್ ಅಮೈಲ್ ಆಲ್ಕೋಹಾಲ್. ಬಿರಡೆ ಬಿಗಿದು ಬಟ್ಟೆ ಸುತ್ತಿ ಕುಲುಕಿದಾಗ ನಳಿಕೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಬಿಳಿ ಹಾಲು ಕಂದು ಬಣ್ಣಕ್ಕೆ ತಿರುಗಿ ಬೆಲ್ಲದ ಪಾಕದ ಹಾಗೆ ಕಾಣುತ್ತದೆ. ಆಮ್ಲ ಕೊಬ್ಬೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕರಗಿಸುತ್ತದೆ. ಯಂತ್ರದಲ್ಲಿಟ್ಟು ಐದು ನಿಮಿಷ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿ ನಿಲ್ಲಿಸಿ ಎತ್ತಿ ಹಿಡಿದರೆ ನಳಿಕೆಯ ಕತ್ತಿನಲ್ಲಿ ತಿಳಿ ಹಳದಿ ತುಪ್ಪದ ಕಂಬ. ಪಕ್ಕದಲ್ಲೇ ಗೀಟುಗಳು.

‘ಇದೇನಾ ನಮ್ ಫ್ಯಾಟು?’ ಅಂತ ಒಬ್ಬ ಅಜ್ಜಿ ಬಗ್ಗಿ ನೋಡಿದರು. ಒಬ್ಬೊಬ್ಬರೇ ಬಂದು ಗೀಟು ಎಣಿಸಿದರು. ಮೂಡಲ ಬೀದಿಯ ಆ ಹೆಣ್ಣುಮಗಳ ಹಾಲಿಗೆ 4.1. ಅದೇ ಹಾಲಿಗೆ, ಚೆನ್ನಾಗಿ ಕಲಕಿದ ಮೇಲೆ, ಮಿಷನ್ನು ಕೊಟ್ಟದ್ದು 4.0. ಎಂಟರಲ್ಲಿ ಆರಕ್ಕೆ ವ್ಯತ್ಯಾಸ 0.1ರ ಒಳಗೆ. ಎರಡಕ್ಕೆ ಸ್ವಲ್ಪ ಜಾಸ್ತಿ ಇತ್ತು, ಮಿಷನ್ನೇ ಕಡಿಮೆ ತೋರಿಸಿತ್ತು. ಆ ಅಂಕಿಗಳನ್ನು ಇಟ್ಟುಕೊಂಡು ಮಿಷನ್ನನ್ನು ಸರಿಹೊಂದಿಸಿದೆವು. ಈ ಸಲ ತಿದ್ದಿದ್ದು ಗಲಾಟೆ ತಣಿಸಲು ಅಲ್ಲ, ಗೀಟಿಗೆ ಹೊಂದಿಸಲು.

ಈ ಜಗಳ ಹೊಸದಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲೂ ಒಂದು ಕಾಲಕ್ಕೆ ಹಾಲಿಗೆ ತೂಕ ನೋಡಿ ದುಡ್ಡು ಕೊಡುತ್ತಿದ್ದರು. ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ದರ. 1890ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸ್ಟೀಫನ್ ಬಾಬ್‌ಕಾಕ್ ಗಂಧಕಾಮ್ಲದಿಂದ ಫ್ಯಾಟು ಅಳೆಯುವ ಸುಲಭದ ವಿಧಾನ ಕಂಡುಹಿಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ನಿಕ್ಲಾಸ್ ಗರ್ಬರ್ ತಮ್ಮದನ್ನು ರೂಪಿಸಿದರು. ಬಾಬ್‌ಕಾಕ್ ಪೇಟೆಂಟ್ ಮಾಡಿಸಲಿಲ್ಲ, ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟರು. ನಳಿಕೆ ತಿರುಗಿಸುತ್ತಾ ಈ ಕಥೆ ಹೇಳಿದೆ. ಪಾಠ ಮಾಡಿದ ಸಂಜೆಗಿಂತ ಜನ ಅವತ್ತು ಚೆನ್ನಾಗಿ ಕೇಳಿದರು.

ಬೋರ್ಡಿನ ತೀರ್ಮಾನಗಳು

ಅಂದು ಸಂಜೆಯ ಬೋರ್ಡ್ ಮೀಟಿಂಗ್ ರಾತ್ರಿ ಹತ್ತರ ತನಕ ನಡೆಯಿತು. ತೊಳೆದ ದಿನ ಬರೆದಿಡುವ ಪುಸ್ತಕ ಗೋಡೆಗೆ ನೇತುಹಾಕುವುದು, ತಿಂಗಳಿಗೊಂದು ಭಾನುವಾರ ಗರ್ಬರ್ ಪರೀಕ್ಷೆ ಮಾಡುವುದು, ಚೀಟಿ ಕನ್ನಡದಲ್ಲಿ ಬರುವಂತೆ ಮಾಡಿಸುವುದು, ಇದಕ್ಕೆಲ್ಲ ತಕರಾರು ಬರಲಿಲ್ಲ. ತಕರಾರು ಬಂದದ್ದು ಎರಡಕ್ಕೆ.

ಒಂದು, ಅನುಮಾನ ಬಂದವರು ಅಲ್ಲೇ ಇನ್ನೊಂದು ಸಲ ಪರೀಕ್ಷೆ ಕೇಳಬಹುದು ಅನ್ನುವ ನಿಯಮ. ಎರಡು ಸಲದ ನಡುವೆ 0.2ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಎರಡೂ ರದ್ದು, ಮಿಷನ್ನು ತೊಳೆದು ಮೂರನೇ ಸಲ. ಎಲ್ಲರೂ ದಿನಾ ಕೇಳಿದರೆ ಸಾಲು ಮುಗಿಯುವುದು ಯಾವಾಗ, ಟ್ಯಾಂಕರ್ ಕಾಯುತ್ತದಾ ಅಂತ ಹುಡುಗರು ಹೆದರಿದರು. ಒಂದು ತಿಂಗಳು ನೋಡೋಣ ಅಂತ ಆಯಿತು. ಮೊದಲ ವಾರ ನೂಕುನುಗ್ಗಲು. ಆಮೇಲೆ ದಿನಕ್ಕೆ ಒಬ್ಬರೋ ಇಬ್ಬರೋ. ಕೇಳಬಹುದು ಅಂತ ಗೊತ್ತಾದ ಮೇಲೆ ಕೇಳುವ ಅಗತ್ಯ ಬಹಳ ಜನಕ್ಕೆ ಬೀಳಲಿಲ್ಲ.

ಎರಡನೆಯದು ಆ ಒಳಗಿನ ಮೆನುವಿನ ಪಾಸ್‌ವರ್ಡ್. ಅದನ್ನು ಬದಲಿಸಿ, ಲಕೋಟೆಯಲ್ಲಿಟ್ಟು ಮೂರು ಜನರ ಸಹಿ ಹಾಕಿ ಸೀಲು ಮಾಡಬೇಕು. ಮೂವರಲ್ಲಿ ಒಬ್ಬರು ಹಾಲು ಹಾಕುವ ಹೆಂಗಸರಾಗಿರಬೇಕು. ಸೆಕ್ರೆಟರಿಗೆ ಬಹಳ ನೋವಾಯಿತು. ‘ಹತ್ತೊಂಬತ್ತು ವರ್ಷ ದುಡಿದಿದ್ದೀನಿ, ನನ್ನ ಮೇಲೆ ನಂಬಿಕೆ ಇಲ್ವಾ?’ ಅಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಬೋರ್ಡಿನ ಹಿರಿಯರೊಬ್ಬರು, ಮಿಷನ್ನನ್ನು ಕಟ್ಟಿಡಿ ಅಂದಿದ್ದವರೇ, ‘ಇಷ್ಟು ದಿನ ನಿನ್ನ ಮೇಲೆ ಮಾತು ಬಂದಾಗ ನಿನ್ನ ಪರ ಹೇಳೋಕೆ ನಮ್ಮತ್ರ ಏನಿತ್ತಪ್ಪ? ಇನ್ಮೇಲೆ ಈ ಲಕೋಟೆ ಇರ್ತದೆ’ ಅಂದರು. ಸೆಕ್ರೆಟರಿ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಿದ್ದು, ಮೊದಲ ಸಹಿ ತಾವೇ ಹಾಕಿದರು.

ಆಮೇಲೆ ಏನಾಯಿತು

ಎಲ್ಲರ ಫ್ಯಾಟೂ ಏರಲಿಲ್ಲ. ಕೆಲವರದ್ದು ನಿಜಕ್ಕೂ ಕಡಿಮೆಯೇ ಇತ್ತು. ಆದರೆ ಅಂಕಿಯನ್ನು ನಂಬಲು ಶುರುವಾದ ಮೇಲೆ ಜನ ಅದರ ಜೊತೆ ಜಗಳ ಬಿಟ್ಟು ಹಸುವಿನ ಕಡೆ ನೋಡಿದರು. ಒಬ್ಬ ಯಜಮಾನರ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿ) ಹಸುವಿನ ಹಾಲಿಗೆ 3.3 ದಾಟುತ್ತಲೇ ಇರಲಿಲ್ಲ. ವಿಚಾರಿಸಿದರೆ ಅವರು ಮೊದಲು ಹಾಲು ಕರೆದು, ಕೊನೆಯ ಹಾಲನ್ನು ಪೂರ್ತಿ ಕರುವಿಗೆ ಬಿಡುತ್ತಿದ್ದರು. ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕೊನೆಯದ್ದೇ ಗಟ್ಟಿ. ಒಂದು ಮೊಲೆಯನ್ನು ಕರುವಿಗೇ ಅಂತ ಬಿಟ್ಟು ಉಳಿದ ಮೂರನ್ನು ಪೂರ್ತಿ ಕರೆಯಲು ಶುರುಮಾಡಿದರು. ಹಸಿ ಮೇವಿನ ಜೊತೆ ರಾಗಿ ಹುಲ್ಲನ್ನೂ ಜಾಸ್ತಿ ಹಾಕಿದರು. ನಾರು ಕಡಿಮೆಯಾದರೆ ಫ್ಯಾಟು ಬೀಳುತ್ತದೆ. ಆರು ವಾರದಲ್ಲಿ 3.6ಕ್ಕೆ ಬಂತು. ಕರುವೂ ಬಡವಾಗಲಿಲ್ಲ.

ನೀರು ಬೆರೆಸುತ್ತಿದ್ದ ಎರಡು ಮನೆಗಳೂ ಗೊತ್ತಾದವು, ಎಸ್‌ಎನ್‌ಎಫ್ ಹೇಳಿಬಿಡುತ್ತದೆ. ಸಾಲಿನಲ್ಲಿ ಹೇಳಿ ಮಾನ ಕಳೆಯಲಿಲ್ಲ, ಅಧ್ಯಕ್ಷರು ಮನೆಗೆ ಹೋಗಿ ಮಾತಾಡಿದರು. ಅಷ್ಟಕ್ಕೇ ನಿಂತಿತು.

ಬಿಟ್ಟುಹೋದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂದವು. ಉಳಿದವರು ಬರಲಿಲ್ಲ. ಖಾಸಗಿಯವರು ಮುಂಗಡ ಕೊಡುತ್ತಾರೆ, ವಾರಕ್ಕೊಮ್ಮೆ ಕೈಗೆ ದುಡ್ಡು ಕೊಡುತ್ತಾರೆ. ಮನೆಯಲ್ಲಿ ಕಾಯಿಲೆ ಇದ್ದವರಿಗೆ ಅದು ಬೇಕು. ಫ್ಯಾಟು ಎಷ್ಟೇ ಸರಿಯಾಗಿ ಅಳೆದರೂ ಆ ಕಷ್ಟ ತೀರುವುದಿಲ್ಲ. ಅದಕ್ಕೆ ಸಂಘ ಬೇರೆ ದಾರಿ ಹುಡುಕಬೇಕು, ಇನ್ನೂ ಹುಡುಕಿಲ್ಲ.

ಪರೀಕ್ಷೆ ಮಾಡುವ ಹುಡುಗಿ ಆ ಇಂಗ್ಲಿಷ್ ಪುಸ್ತಕದ ತೊಳೆಯುವ ಭಾಗವನ್ನು ನನ್ನ ಜೊತೆ ಕೂತು ಕನ್ನಡಕ್ಕೆ ಇಳಿಸಿದಳು. ಒಂದೂವರೆ ಪುಟ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ. ಅಕ್ಕಪಕ್ಕದ ಎರಡು ಡೇರಿಯವರು ಅದರ ಫೋಟೋ ತೆಗೆದುಕೊಂಡು ಹೋದರು.

ಈ ವರ್ಷ ಮೊಬೈಲ್ ಆ್ಯಪ್ ಬಂತು. ಹಾಲು ಹಾಕಿದ ಕೂಡಲೇ ಫೋನಿಗೆ ಅಂಕಿ ಬರುತ್ತದೆ. ಒಳ್ಳೇದೇ. ಅದರ ಹಿಂದೆಯೇ ಸರ್ವಸದಸ್ಯರ ಸಭೆಗೆ ಇನ್ನೊಂದು ಠರಾವು ಬಂತು: ಇನ್ನು ಕಾಗದದ ಚೀಟಿ ನಿಲ್ಲಿಸೋಣ, ರೋಲಿನ ಖರ್ಚು ಉಳಿಯುತ್ತದೆ. ಎರಡು ಪಾತ್ರೆಯ ಆ ಹೆಣ್ಣುಮಗಳು ಈಗ ಬೋರ್ಡ್ ಸದಸ್ಯೆ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: ‘ನಮ್ ಮನೇಲಿ ಫೋನಿರೋದು ಯಜಮಾನ್ರ ಜೋಬಲ್ಲಿ. ಹಾಲು ಹಾಕೋಳು ನಾನು. ನನ್ ಫ್ಯಾಟು ನಾನು ಎಲ್ಲಿ ನೋಡ್ಲಿ?’ ಸಾಲಾಗಿ ಕೂತಿದ್ದ ಹೆಂಗಸರೆಲ್ಲ ಕೈ ಎತ್ತಿದರು. ಠರಾವು ಬಿದ್ದುಹೋಯಿತು. ಆ್ಯಪೂ ಇದೆ, ಚೀಟಿಯೂ ಬರುತ್ತಿದೆ. ಆಕೆಯ ಅಡುಗೆಮನೆಯಲ್ಲಿ ಒಲೆಯ ಮೇಲಿನ ಮೊಳೆಗೆ ಒಂದು ತಂತಿ, ಅದರಲ್ಲಿ ಈ ತಿಂಗಳ ಚೀಟಿಗಳು, ದಿನಕ್ಕೆ ಎರಡು.